ಆತ್ರಿ ಎಂದರೆ ಆಯಿತೆಂದಲ್ಲ

ಎಲ್ಲ ಸೀಮೆಗೂ ಅದರದೇ ಆದ ಒಂದು ಆಪದ್ಬಾಂಧವ ಶಬ್ದ ಇರುತ್ತದೆ. ನಮ್ಮ ಹಾವೇರಿ ಸೀಮೆಗೆ ಅದು 'ಆತ್ರಿ'. ಎರಡೇ ಅಕ್ಷರ. ವ್ಯಾಕರಣದವರನ್ನು ಕೇಳಿದರೆ 'ಆಯಿತು ರೀ' ಎಂಬುದೇ ಸವೆದು ಹೀಗಾಗಿದೆ ಎಂದು ಬಿಡಿಸಿ ಹೇಳುತ್ತಾರೆ. ಆದರೆ ಒಂದು ಕೆಲಸ ನಿಜವಾಗಿ ಆಯಿತು ಎಂಬ ಅರ್ಥದಲ್ಲಿ ಅದನ್ನು ಬಳಸಿದವರನ್ನು ನಾನು ಕಂಡದ್ದು ಕಡಿಮೆ. ದರ್ಜಿಗೆ ಶುಕ್ರವಾರದೊಳಗೆ ಅಂಗಿ ಬೇಕು ಎಂದರೆ "ಆತ್ರಿ" ಎನ್ನುತ್ತಾನೆ. ವಾರದಲ್ಲಿ ಶುಕ್ರವಾರ ಎಂಬುದೊಂದಿದೆ ಎನ್ನುವುದು ಅವನಿಗೂ ಗೊತ್ತು ಎಂದಷ್ಟೇ ಅದರರ್ಥ. ಮದುವೆಗೆ ಮೂರು ದಿನ ಮೊದಲೇ ಬರಬೇಕು ಎಂದು ಬೀಗರಿಗೆ ಹೇಳಿದರೆ ಅವರೂ "ಆತ್ರಿ" ಎನ್ನುತ್ತಾರೆ, ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಬರುತ್ತಾರೆ. ಯಾರೂ ಸುಳ್ಳು ಹೇಳಿದಂತಾಗುವುದಿಲ್ಲ, ಯಾರಿಗೂ ಬೇಸರವಾಗುವುದಿಲ್ಲ. 'ನಿಮ್ಮ ಮಾತು ನನ್ನ ಕಿವಿಯವರೆಗೆ ಬಂದು ತಲುಪಿದೆ, ಮುಂದಿನದನ್ನು ಆಮೇಲೆ ನೋಡೋಣ' ಎಂಬ ಇಡೀ ವಾಕ್ಯವನ್ನು ನಮ್ಮ ಹಿರಿಯರು ಎರಡಕ್ಷರದಲ್ಲಿ ಮಡಿಚಿ ಇಟ್ಟುಹೋಗಿದ್ದಾರೆ. ಈ ಶಬ್ದದ ಆಸರೆಯಿಂದ ನಾನು ಐವತ್ತಾರು ವರ್ಷ ಸುಖವಾಗಿ ಬಾಳಿದೆ. ಕೊನೆಗೆ ಒಂದು ಹೆಡ್‌ಸೆಟ್ಟಿನ ದೆಸೆಯಿಂದ ಅದೇ ಶಬ್ದ ನನ್ನನ್ನು ಹಿಡಿದು ಕೂಡಿಸಿತು. ಆ ಸಂಗತಿಯನ್ನು ಹೇಳಿಬಿಡುತ್ತೇನೆ.

ನನ್ನ ಮನೆ ರಾಣೇಬೆನ್ನೂರಿನಲ್ಲಿ, ಕೆಲಸ ಹಾವೇರಿಯ ಒಂದು ಜಿಲ್ಲಾ ಕಚೇರಿಯಲ್ಲಿ. ಯಾವ ಕಚೇರಿ ಎಂದು ಹೇಳುವುದಿಲ್ಲ, ಪಿಂಚಣಿಗೆ ಇನ್ನೂ ನಾಲ್ಕು ವರ್ಷ ಇದೆ. ಹುದ್ದೆ ಶೀಘ್ರಲಿಪಿಗಾರ, ಅಂದರೆ ಸ್ಟೆನೊ. ಬೇರೆ ನೌಕರರಿಗೆ ಕೈ ಮುಖ್ಯವಾದರೆ, ಸಹಿ ಮಾಡುವವರಿಗೆ ಬೆರಳು ಮುಖ್ಯವಾದರೆ, ನಮಗೆ ಕಿವಿ ಮುಖ್ಯ. ನನ್ನ ಕಿವಿಯ ಬಗ್ಗೆ ಕಚೇರಿಯಲ್ಲಿ ಕೆಲವು ಕಥೆಗಳೇ ಇವೆ. ಅವುಗಳಲ್ಲಿ ಅರ್ಧವನ್ನು ನಾನೇ ಹಬ್ಬಿಸಿದ್ದೆಂದು ಒಪ್ಪಿಕೊಳ್ಳುತ್ತೇನೆ, ಉಳಿದರ್ಧ ಖರೆ. ಸಭೆಯಲ್ಲಿ ಮೂರು ಜನ ಒಟ್ಟಿಗೆ ಬಾಯಿ ತೆರೆದರೂ ಮೂವರ ಮಾತನ್ನೂ ಬೇರೆ ಬೇರೆ ಬರೆದುಕೊಳ್ಳುತ್ತಿದ್ದೆ. ಹಿಂದೆ ನಮಗೊಬ್ಬ ಸಾಹೇಬರಿದ್ದರು. ಬಾಯಿತುಂಬ ಎಲೆ ಅಡಿಕೆ ಹಾಕಿಕೊಂಡೇ ಡಿಕ್ಟೇಶನ್ ಕೊಡುತ್ತಿದ್ದರು. ಅವರ ಮಾತು ಇಡೀ ಕಚೇರಿಯಲ್ಲಿ ನನ್ನೊಬ್ಬನಿಗೇ ತಿಳಿಯುತ್ತಿತ್ತು. ಒಂದು ದಿನ ಅವರ ಮನೆಯವರೇ ಫೋನು ಮಾಡಿ, "ಮುಂಜಾನೆ ಹೋಗಾಗ ಬಾಗಲ್ದಾಗ ನಿಂತು ಏನೋ ಅಂದ್ರು. ಏನಂದ್ರು ಅಂತ ಸ್ವಲ್ಪ ಕೇಳಿ ತಿಳಿಸ್ರಿ" ಎಂದು ಹೇಳಿದ್ದರು. ಇಂಥ ಕಿವಿಯನ್ನು ಹೊತ್ತು ಮೂವತ್ತು ವರ್ಷ ಓಡಾಡಿದವನಿಗೆ ಸ್ವಲ್ಪ ಸೊಕ್ಕು ಬರುವುದು ಸಹಜವಲ್ಲವೇ.

ಈಗಿನ ಸಭೆಗಳು ಮೊದಲಿನಂತಿಲ್ಲ. ಒಬ್ಬರೂ ಒಂದೆಡೆ ಕೂಡುವುದಿಲ್ಲ. ಎಲ್ಲರೂ ಅವರವರ ಊರಲ್ಲಿ ಕಂಪ್ಯೂಟರಿನ ಮುಂದೆ ಕೂತು ವೀಡಿಯೊ ಕಾನ್ಫರೆನ್ಸಿನಲ್ಲಿ ಮುಖ ತೋರಿಸುತ್ತಾರೆ. ಕಚೇರಿಯ ಬಾಯಲ್ಲಿ ಅದು 'ವೀಸಿ'. ಬೆಂಗಳೂರಿನವರು ಬೆಂಗಳೂರಿನಿಂದ ಬಯ್ಯುತ್ತಾರೆ, ತಾಲ್ಲೂಕಿನವರು ತಾಲ್ಲೂಕಿನಿಂದಲೇ ಬೈಸಿಕೊಳ್ಳುತ್ತಾರೆ. ಈ ಮಾತುಕತೆಯನ್ನು ಕೇಳಿ ನಡಾವಳಿ ಬರೆಯುವುದು ನನ್ನ ಪಾಲಿನ ಕೆಲಸ. ಅದಕ್ಕೆಂದೇ ನಮ್ಮ ಮೇಡಂ ನನಗೊಂದು ವೈರಿಲ್ಲದ ಹೆಡ್‌ಸೆಟ್ ತರಿಸಿಕೊಟ್ಟರು. ಕಪ್ಪು ಬಣ್ಣ, ಎರಡು ಕಿವಿಗೆ ಎರಡು ಬಟ್ಟಲು, ಬಾಯಿಯ ಮುಂದೆ ಬಾಗಿ ಬರುವ ಒಂದು ಮೈಕು. ಜೊತೆಗೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದೊಂದು ಡಾಂಗಲ್. ಅದನ್ನು ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದರೆ ಒಂದು ನೀಲಿ ದೀಪ ಮಿಣುಕುತ್ತದೆ, ಮಾತು ಗಾಳಿಯಲ್ಲಿ ಹಾದು ಕಿವಿಗೆ ಬರುತ್ತದೆ. ಮೇಡಂ ಮೈಸೂರು ಕಡೆಯವರು. ಬಂದು ಒಂದು ವರ್ಷವಾಗಿದೆ. ಒಳ್ಳೆಯವರು, ಆದರೆ ಹೇಳಿದ ಮಾತಿಗೆ ಹೇಳಿದ್ದೇ ಅರ್ಥ ಎಂದು ನಂಬುವ ಸ್ವಭಾವದವರು.

ಹೆಡ್‌ಸೆಟ್ಟು ಬಂದ ಹೊಸದರಲ್ಲೇ ನನಗೆ ಅದರ ಮೇಲೆ ಸಂಶಯ ಬಂತು. ಬಲಗಡೆಯ ಬಟ್ಟಲು ಸ್ಪಷ್ಟವಾಗಿ ಮಾತನಾಡುತ್ತದೆ, ಎಡಗಡೆಯದು ಮಾತ್ರ ಪಿಸುಗುಡುತ್ತದೆ. ಕೆಲವೊಮ್ಮೆ ಅದೂ ಇಲ್ಲ. ಧ್ವನಿ ಏರಿಸಿದರೆ ಬಲಗಿವಿ ಒಡೆದುಹೋಗುವಷ್ಟು ಗದ್ದಲ, ಎಡಗಡೆ ಮತ್ತದೇ ಮೌನ. ಹೇಗೋ ಒಂದೇ ಬಟ್ಟಲಿನಲ್ಲಿ ಸಂಸಾರ ತೂಗಿಸುತ್ತಿದ್ದೆ. ಅಷ್ಟರಲ್ಲಿ ಗಡ್ಡದ ಪ್ರಕರಣ ನಡೆಯಿತು. ಒಂದು ವೀಸಿಯಲ್ಲಿ ಬೆಂಗಳೂರಿನ ಹಿರಿಯ ಅಧಿಕಾರಿಗಳು ಆಡಿದ ಮಾತು, "ಗಡುವು ಮೀರಿಬಿಟ್ಟವರಿಗೆ ನೋಟಿಸ್ ಕೊಡಿ" ಎಂದು. ನಾನು ಕೇಳಿಸಿಕೊಂಡು ಬರೆದದ್ದು, 'ಗಡ್ಡ ಮೀಸೆ ಬಿಟ್ಟವರಿಗೆ ನೋಟಿಸ್ ನೀಡತಕ್ಕದ್ದು' ಎಂದು. ಬರೆಯುವಾಗ ಸ್ವಲ್ಪ ವಿಚಿತ್ರವೆನಿಸಿತು ನಿಜ. ಆದರೆ ಮೇಲಿನಿಂದ ಬರುವ ಆದೇಶಗಳಲ್ಲಿ ವಿಚಿತ್ರವೆನಿಸಿದ್ದನ್ನೆಲ್ಲ ಬಿಡುತ್ತ ಹೋದರೆ ನಡಾವಳಿಯಲ್ಲಿ ಹಾಜರಾತಿ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಮೇಡಂ ಅವಸರದಲ್ಲಿ ಸಹಿ ಮಾಡಿದರು, ನಡಾವಳಿ ಎಲ್ಲ ತಾಲ್ಲೂಕುಗಳಿಗೂ ಹೋಯಿತು. ಮರುದಿನ ನಮ್ಮ ಪಕ್ಕದ ಟೇಬಲ್ಲಿನವರು ಇಪ್ಪತ್ತು ವರ್ಷದ ಮೀಸೆ ತೆಗೆಸಿಕೊಂಡು ಬಂದರು. ಯಾರೋ ಹೊಸಬರು ಬಂದಿದ್ದಾರೆಂದು ನಾನು ನಮಸ್ಕಾರವನ್ನೂ ಮಾಡಿದೆ. ಎರಡು ದಿನ ಬಿಟ್ಟು ತಾಲ್ಲೂಕಿನ ಗುಮಾಸ್ತರೊಬ್ಬರಿಂದ ಲಿಖಿತ ವಿವರಣೆ ಬಂತು: 'ನಾನು ದೇವರಗುಡ್ಡದ ಮಾಲತೇಶ ದೇವರಿಗೆ ಹರಕೆ ಹೊತ್ತ ಪ್ರಯುಕ್ತ ಗಡ್ಡ ಬಿಟ್ಟಿದ್ದು, ಹರಕೆ ತೀರಿದ ಕೂಡಲೇ ತೆಗೆಸಿ ವರದಿ ಸಲ್ಲಿಸುತ್ತೇನೆ. ಅಲ್ಲಿಯವರೆಗೆ ಸದರಿ ನೋಟಿಸನ್ನು ತಡೆಹಿಡಿಯಬೇಕಾಗಿ ವಿನಂತಿ.'

ಮೇಡಂ ನನ್ನನ್ನು ಒಳಗೆ ಕರೆದರು. ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು. ಆ ವಿವರಣೆಯ ಕಾಗದವನ್ನು ನನ್ನ ಮುಂದೆ ಇಟ್ಟು, "ಏನ್ರೀ ಇದು?" ಎಂದರು. ನಾನು ಹೆಡ್‌ಸೆಟ್ಟಿನ ಎಡಬಟ್ಟಲಿನ ಕಥೆಯನ್ನು ವಿಸ್ತಾರವಾಗಿ ಹೇಳಿದೆ. ಅವರು ಶಾಂತವಾಗಿ ಕೇಳಿ, "ನೋಡಿ, ಈ ತಿಂಗಳ ಕೊನೇ ಸೋಮವಾರ ದೊಡ್ಡ ಮೀಟಿಂಗ್ ಇದೆ. ಅಷ್ಟರಲ್ಲಿ ಅದನ್ನ ಸರಿ ಮಾಡಿಸ್ಕೊಳ್ಳಿ. ಇಲ್ಲಾಂದ್ರೆ ಮಾತಾಡಿದ್ದನ್ನ ತಾನೇ ಟೈಪ್ ಮಾಡೋ ಸಾಫ್ಟ್‌ವೇರ್ ಬಂದಿದೆಯಂತೆ, ನಡಾವಳಿ ಅದಕ್ಕೇ ಕೊಟ್ಬಿಡೋಣ. ನಿಮಗೆ ಟಪಾಲು ವಿಭಾಗದಲ್ಲಿ ಕೆಲಸ ಕೊಡ್ತೀನಿ. ಆರಾಮಾಗಿ ಇರ್ತೀರ" ಎಂದರು. ನನ್ನ ಬಾಯಿಂದ ತಾನಾಗಿಯೇ "ಆತ್ರಿ ಮೇಡಂ" ಎಂದು ಬಂತು. ಹೊರಗೆ ಬಂದೆ. ಮೂವತ್ತು ವರ್ಷ ಸಾಹೇಬರುಗಳ ಬಾಯಿ ನೋಡಿದವನು ಕೊನೆಯ ನಾಲ್ಕು ವರ್ಷ ಲಕೋಟೆಗಳ ಬಾಯಿ ನೋಡುತ್ತ ಕೂಡುವುದು ನನಗೆ ಬೇಡವಾಗಿತ್ತು. ಹೆದರಿಕೆಯೂ ಆಯಿತು, ಸಿಟ್ಟೂ ಬಂತು. ಸಿಟ್ಟನ್ನು ಮೇಡಂ ಮೇಲೆ ತೋರಿಸುವಂತಿಲ್ಲ. ಹೆಡ್‌ಸೆಟ್ಟಿನ ಮೇಲೆ ತೋರಿಸಿದೆ.

ಅದನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತಂದು, ನನ್ನ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಅಲ್ಲಿಯೂ ಎಡಗಡೆ ಮೌನ. ಹೆಂಡತಿ ಶಾಂತಾಳಿಗೆ, "ಸ್ವಲ್ಪ ಹಾಕ್ಕೊಂಡು ನೋಡ" ಎಂದೆ. "ನಿಮ್ಮ ತಲಿ ಎಣ್ಣಿ ಹತ್ತಿದ್ದು ನಾ ಹಾಕ್ಕೊಳ್ಳೂದಿಲ್ಲ, ಈಗ ತಲಿ ಎರಕೊಂಡೇನಿ" ಎಂದು ಅವಳು ದೂರ ಸರಿದಳು. ಶಾಂತಾಳ ಮಾತು ಬಂದದ್ದರಿಂದ ನಮ್ಮ ಕಂಪೌಂಡಿನ ಸಂಗತಿಯನ್ನೂ ಹೇಳಬೇಕು. ಎರಡು ವರ್ಷದ ಹಿಂದೆ ಒಂದು ದಿನ ಕಚೇರಿಯಿಂದ ಬಂದು ನೋಡುತ್ತೇನೆ, ನಮ್ಮ ಮನೆಯ ಕಂಪೌಂಡ್ ಗೋಡೆ ಗಿಳಿಹಸಿರಾಗಿ ಹೊಳೆಯುತ್ತಿದೆ. ಇದೇನು ಅನಾಹುತ ಎಂದು ಕೇಳಿದರೆ, "ಮೊನ್ನೆ ಊಟಕ್ಕ ಕುಂತಾಗ ಕೇಳಿದ್ನಲ್ಲ. ಆತು ಅಂದ್ರಿ" ಎಂದಳು. ನಾನು ಅಂದಿರಲೂಬಹುದು. ಊಟದ ಹೊತ್ತಿನಲ್ಲಿ ನಾನು ಎಷ್ಟಕ್ಕೆ ಆತು ಅಂದಿರುತ್ತೇನೋ ಲೆಕ್ಕವಿಲ್ಲ. ಅಂದಿನಿಂದ ನಮ್ಮ ಓಣಿಯಲ್ಲಿ ನನ್ನ ಹೆಸರು ಅಳಿಸಿಹೋಗಿ 'ಗಿಳಿ ಕಂಪೌಂಡಿನವರು' ಎಂದಾಗಿದೆ. ಮೊದಲೆಲ್ಲ ಊಟಕ್ಕೆ ನನ್ನ ಎಡಕ್ಕೆ ಕೂಡುತ್ತಿದ್ದವಳು ಸುಮಾರು ಅದೇ ಹೊತ್ತಿನಿಂದ ಬಲಕ್ಕೆ ಕೂಡತೊಡಗಿದಳು. ಆ ಕಡೆ ಫ್ಯಾನಿನ ಗಾಳಿ ಚೆನ್ನಾಗಿ ಬರುತ್ತದೆ, ಅದಕ್ಕೇ ಇರಬೇಕೆಂದು ನಾನು ತಿಳಿದಿದ್ದೆ.

ಶಾಂತಾಳ ತವರು ಬ್ಯಾಡಗಿ. ಅವಳ ತಮ್ಮ ಬಸವರಾಜ ಅಲ್ಲಿ ಒಂದು ಮೆಣಸಿನಕಾಯಿ ಅಡತಿ ಅಂಗಡಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅವನಿಗೆ ಕಂಪ್ಯೂಟರಿನ ಹೊಟ್ಟೆಯೊಳಗಿನದೆಲ್ಲ ಗೊತ್ತು ಎಂದು ಅವಳ ನಂಬಿಕೆ. ರಾಣೇಬೆನ್ನೂರಿನಿಂದ ಹಾವೇರಿಗೆ ಹೋಗುವ ರೈಲು ಬ್ಯಾಡಗಿಯ ಮೇಲೆಯೇ ಹೋಗುತ್ತದೆ. ಒಂದು ದಿನ ಅರ್ಧ ರಜೆ ಹಾಕಿ ಅಲ್ಲಿ ಇಳಿದೆ. ಮೆಣಸಿನಕಾಯಿಯ ಸುಗ್ಗಿಯ ಕಾಲ. ಸ್ಟೇಷನ್ನಿನಿಂದ ಹೊರಗೆ ಕಾಲಿಡುತ್ತಿದ್ದಂತೆ ಮೂಗು ಕೆಲಸ ಶುರು ಮಾಡಿತು. ಆ ಊರವರು ಈ ಘಾಟಿಗೆ ಒಗ್ಗಿಹೋಗಿದ್ದಾರೆ, ಸೀನುವವನನ್ನು ನೋಡಿದರೆ ಪರವೂರಿನವನೆಂದು ಗುರುತು ಹಿಡಿಯುತ್ತಾರೆ. ನಾನು ಸೀನುತ್ತ ಅಂಗಡಿ ಸೇರುವ ಹೊತ್ತಿಗೆ ಬಸವರಾಜ ಚೀಲಗಳ ನಡುವೆ ಕೂತು ಕಂಪ್ಯೂಟರ್ ಕುಟ್ಟುತ್ತಿದ್ದ. ನನ್ನ ಹೆಡ್‌ಸೆಟ್ಟನ್ನು ತೆಗೆದುಕೊಂಡು ತಿರುವಿ ಮುರುವಿ ನೋಡಿದ, ಡಾಂಗಲ್ಲನ್ನು ಅಂಗಿಯ ತುದಿಯಿಂದ ಒರೆಸಿದ, ಯಾವುದೋ ಹಾಡು ಹಚ್ಚಿ ಕಿವಿಗೆ ಏರಿಸಿಕೊಂಡು ಕಣ್ಣು ಮುಚ್ಚಿದ. ಹಾಡು ಮುಗಿದ ಮೇಲೆ, "ಮಾಮಾ, ಎರಡೂ ಕಡೆ ಚಲೋ ಕೇಳಾಕತ್ತೈತಲ್ರಿ. ಇದಕ್ಕೇನೂ ಆಗಿಲ್ಲ" ಎಂದ.

"ಎಡಕ್ಕ ಸರಿಯಾಗಿ ಕೇಳಿಸ್ಕೊಂಡೀಯೇನೋ?" ಎಂದೆ.

"ಕೇಳೇನ್ರಿ. ಎಡಕ್ಕ ತಬಲಾ, ಬಲಕ್ಕ ಪೇಟಿ. ಮಾಮಾ, ಸಿಟ್ಟಾಗಬ್ಯಾಡ್ರಿ, ಒಂದ್ಸಲ ನಿಮ್ಮ ಕಿವೀನ ಯಾರಿಗಾದರೂ ತೋರಸ್ರಿ."

ನನಗೆ ಸಿಟ್ಟೇ ಬಂತು. ಮಾರುಕಟ್ಟೆಯ ಗದ್ದಲದಲ್ಲಿ ಹುಟ್ಟಿ ಬೆಳೆದವನು, ಪಕ್ಕದಲ್ಲಿ ಕೂತವರೊಡನೆಯೂ ಲಾರಿಯ ಮೇಲಿದ್ದವರನ್ನು ಕೂಗುವಂತೆ ಮಾತನಾಡುವವನು, ಮೂವತ್ತು ವರ್ಷದ ಸ್ಟೆನೊಗೆ ಕಿವಿ ತೋರಿಸಿಕೊಳ್ಳಲು ಹೇಳುತ್ತಾನೆ. ಇಂಥವನ ಕಿವಿಗೆ ಕೇಳಿಸಿತೆಂದರೆ ಅದು ಪುರಾವೆಯಾಗುತ್ತದೆಯೇ ಎಂದುಕೊಂಡೆ. ಮನೆಯವರ ತಮ್ಮ, ಏನೂ ಅನ್ನುವಂತಿಲ್ಲ. "ಆತು ಬಸು" ಎಂದು ಹೆಡ್‌ಸೆಟ್ಟನ್ನು ಇಸಿದುಕೊಂಡು ಹಾವೇರಿಯ ರೈಲು ಹತ್ತಿದೆ. ಎಂದಿನಂತೆ ಎಡಗಡೆಯ ಕಿಟಕಿ ಹಿಡಿದು ಕೂತು, ಅದನ್ನು ಸುಮ್ಮನೆ ತಲೆಗೆ ಏರಿಸಿಕೊಂಡೆ. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಅವನು ಎರಡೂ ಬಟ್ಟಲುಗಳನ್ನು ಸವರಿ ನೋಡಿದ್ದನೆಂಬುದು ಆಗ ನೆನಪಾಯಿತು. ಎರಡು ನಿಮಿಷದಲ್ಲಿ ಎರಡೂ ಕಿವಿ ಧಗಧಗ ಉರಿಯತೊಡಗಿದವು. ಕಣ್ಣಲ್ಲಿ ನೀರು ಬಂತು. ಆದರೆ ಆ ಉರಿಯಲ್ಲೂ ನನಗೊಂದು ಸಮಾಧಾನವಾಯಿತು. ಬಲಗಿವಿಯಷ್ಟೇ ಜೋರಾಗಿ ಎಡಗಿವಿಯೂ ಉರಿಯುತ್ತಿತ್ತು. ಅಂದಮೇಲೆ ಎಡಗಿವಿ ನೆಟ್ಟಗಿದೆ, ದೋಷ ಹೆಡ್‌ಸೆಟ್ಟಿನದೇ ಎಂದು ತೀರ್ಮಾನಿಸಿದೆ. ಈ ತರ್ಕದಲ್ಲಿ ಏನಾದರೂ ಕೊರತೆ ಇದೆಯೇ ಎಂದು ನೋಡುವ ಮನಸ್ಸು ಆಗ ನನಗಿರಲಿಲ್ಲ.

ಕೊನೆಗೆ ಒಂದು ಸಂಜೆ ಮನೆಯಿಂದ, ಪೆಟ್ಟಿಗೆಯ ಮೇಲಿದ್ದ ಸಹಾಯವಾಣಿಗೆ ಫೋನು ಮಾಡಿದೆ. ಕನ್ನಡಕ್ಕಾಗಿ ಇಂಥ ಅಂಕಿ ಒತ್ತಿ ಎಂದು ಯಂತ್ರ ಹೇಳಿತು, ಒತ್ತಿದೆ. ಬೆಂಗಳೂರಿನ ಕಡೆಯ ಒಬ್ಬ ಹೆಣ್ಣುಮಗಳು ಬಲು ವಿನಯದಿಂದ ಮಾತಿಗೆ ಬಂದಳು. "ಸರ್, ನಾನು ಒಂದೊಂದೇ ಸ್ಟೆಪ್ ಹೇಳ್ತೀನಿ. ಆದ ಮೇಲೆ ಆಯ್ತು ಅಂತ ಹೇಳಿ, ಸರೀನಾ ಸರ್?" ಎಂದಳು. "ಆತ್ರಿ" ಎಂದೆ. ಫೋನನ್ನು ರೂಢಿಯಂತೆ ಬಲಗಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ನೋಟುಬುಕ್ಕು ತೆರೆದೆ. ಯಾರಾದರೂ ವಿವರವಾಗಿ ಮಾತನಾಡತೊಡಗಿದರೆ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುವುದು ನನ್ನ ಕೈಗೆ ಹತ್ತಿದ ಚಟ. ಡಾಂಗಲ್ ತೆಗೆದು ಬೇರೆ ಕಿಂಡಿಗೆ ಹಾಕಿ ಎಂದಳು. ಬರೆದುಕೊಂಡು "ಆತ್ರಿ" ಎಂದೆ. ಕಂಪ್ಯೂಟರ್ ಬಂದ್ ಮಾಡಿ ಮತ್ತೆ ಶುರು ಮಾಡಿ ಎಂದಳು. "ಆತ್ರಿ." ಧ್ವನಿಯ ಸೆಟ್ಟಿಂಗಿಗೆ ಹೋಗಿ ಎಡ ಬಲ ಎರಡೂ ಸಮ ಇವೆಯಾ ನೋಡಿ. "ಆತ್ರಿ." ಹೆಡ್‌ಸೆಟ್ಟಿನ ಗುಂಡಿಯನ್ನು ಐದು ಸೆಕೆಂಡ್ ಒತ್ತಿ ಹಿಡಿದು ಮತ್ತೆ ಜೋಡಿಸಿ. "ಆತ್ರಿ." ಹಳೆಯ ಡ್ರೈವರ್ ತೆಗೆದು ಹೊಸದು ಹಾಕಿ. "ಆತ್ರಿ." ಆರನೆಯದಾಗಿ, ಹೆಡ್‌ಸೆಟ್ಟನ್ನು ತಿರುಗಿಸಿ ಹಾಕಿಕೊಳ್ಳಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಆಗ ಯಾವ ಕಿವಿಗೆ ಕೇಳಿಸುತ್ತದೆ ಹೇಳಿ. ನಾನು ಅದನ್ನೂ ಚೆಂದವಾಗಿ ಬರೆದುಕೊಂಡೆ. "ಆತ್ರಿ."

"ಸರ್, ಯಾವ ಕಿವಿಗೆ?"

"ಅದ ರೀ, ಎಡಕ್ಕ ಕೇಳಿಸೂದಿಲ್ಲ" ಎಂದೆ. ಹೇಳಿಕೊಂಡು ಬಂದದ್ದು ಅದನ್ನೇ ಅಲ್ಲವೇ.

ಒಂಬತ್ತು ನಿಮಿಷದಲ್ಲಿ ಹನ್ನೊಂದು ಸ್ಟೆಪ್ಪುಗಳು ಮುಗಿದವು. "ಸರ್, ನೀವು ತುಂಬಾ ಫಾಸ್ಟ್ ಇದೀರ. ಬೇರೆಯವರಿಗೆ ಒಂದು ಗಂಟೆ ಆಗತ್ತೆ" ಎಂದು ಅವಳು ಮೆಚ್ಚಿಕೊಂಡಳು. ನನಗೂ ಹೆಮ್ಮೆಯೆನಿಸಿತು. ಕೈಲಿದ್ದ ಪೆನ್ನು ಬಿಟ್ಟು ಬೇರೆ ಒಂದು ವಸ್ತುವೂ ಅಲುಗಾಡಿರಲಿಲ್ಲ. ಕಂಪ್ಯೂಟರನ್ನೇ ನಾನು ಚಾಲೂ ಮಾಡಿರಲಿಲ್ಲ. ಎಲ್ಲವನ್ನೂ ಬರೆದುಕೊಂಡು ಆಮೇಲೆ ನಿಧಾನವಾಗಿ ಮಾಡಿ ನೋಡುವುದು ನನ್ನ ಲೆಕ್ಕಾಚಾರವಾಗಿತ್ತು. ಆದರೆ ಅವಳು, ಎಲ್ಲಾ ಸ್ಟೆಪ್ಪುಗಳೂ ಆಗಿರುವುದರಿಂದ ಇದು ವಸ್ತುವಿನದೇ ದೋಷ, ವಾರಂಟಿಯಲ್ಲಿ ಹೊಸದನ್ನೇ ಕಳಿಸುತ್ತೇವೆ, ವಿಳಾಸ ಹೇಳಿ ಎಂದಳು. ಹೊಸದೇ ಬರುತ್ತದೆಂದ ಮೇಲೆ ಹಳೆಯದನ್ನು ತಿರುಗಿಸಿ ಹಾಕಿಕೊಂಡು ಆಗಬೇಕಾದ್ದೇನು. ನೋಟುಬುಕ್ಕು ಮುಚ್ಚಿದೆ.

ಹೊಸ ಹೆಡ್‌ಸೆಟ್ಟು ಸೋಮವಾರದ ಸಭೆಗೆ ನಾಲ್ಕು ದಿನ ಇರುವಾಗ ಮನೆಗೆ ಬಂತು. ಕೊರಿಯರಿನವನು ಬಾಗಿಲಲ್ಲಿ, "ಗಿಳಿ ಕಂಪೌಂಡ್ ಅಂದ್ರ ಇದ ಏನ್ರಿ?" ಎಂದು ಕೇಳಿ ಹಳೆಯದನ್ನು ಒಯ್ದು ಹೊಸದನ್ನು ಕೊಟ್ಟುಹೋದ. ಮರುದಿನ ಕಚೇರಿಯಲ್ಲಿ, ಎಲ್ಲರೂ ಊಟಕ್ಕೆ ಎದ್ದುಹೋದಾಗ, ಹೊಸ ಡಾಂಗಲ್ಲನ್ನು ಸಿಕ್ಕಿಸಿ ಏರಿಸಿಕೊಂಡೆ. ಬಲಗಡೆ ಸ್ಪಷ್ಟ. ಎಡಗಡೆ ಪಿಸುಮಾತು. ಮೊದಲಿನದಕ್ಕಿಂತ ಒಂದು ಎಳೆಯೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಈ ಕಂಪನಿಯವರು ಎಡಗಡೆಯನ್ನು ಮಾಡುವುದನ್ನೇ ಬಿಟ್ಟಿದ್ದಾರೇನೋ ಎಂದು ಸಿಟ್ಟಿನಿಂದ ಮತ್ತೆ ಫೋನು ಹಚ್ಚಿದೆ. ಏನು ಋಣವೋ, ಅದೇ ಹೆಣ್ಣುಮಗಳು ಸಿಕ್ಕಳು. ಕಥೆಯೆಲ್ಲ ಕೇಳಿ, "ಸರ್, ಎರಡು ಪೀಸಲ್ಲೂ ಎಡಗಡೆನೇನಾ? ಹೋದ ಸಲ ಆರನೇ ಸ್ಟೆಪ್ಪಲ್ಲಿ ತಿರುಗಿಸಿ ಹಾಕ್ಕೊಂಡು ನೋಡಿದ್ರಲ್ಲ, ಈಗ ಇನ್ನೊಂದ್ಸಲ ನೋಡ್ತೀರಾ? ನಾನು ಲೈನಲ್ಲೇ ಇರ್ತೀನಿ" ಎಂದಳು. "ಆತ್ರಿ" ಎಂದೆ. ಅವಳು ಕಾದಳು. ನಾನೂ ಕಾದೆ. ಅವಳು ಫೋನು ಇಡಲಿಲ್ಲ. ಆಗ ನನಗೆ ಬೇರೆ ದಾರಿ ಉಳಿಯಲಿಲ್ಲ. ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ, ಹೆಡ್‌ಸೆಟ್ಟನ್ನು ತೆಗೆದು ತಿರುಗಿಸಿ ಹಾಕಿಕೊಂಡೆ.

ಅಷ್ಟು ದಿನ ಸತ್ತುಬಿದ್ದಿದ್ದ ಎಡಬಟ್ಟಲು ನನ್ನ ಬಲಗಿವಿಯಲ್ಲಿ ಟಿಣ್ ಎಂದಿತು. ಆರೋಗ್ಯವಾಗಿದ್ದ ಬಲಬಟ್ಟಲು ಎಡಗಿವಿಗೆ ಬಂದ ಕೂಡಲೇ ತೀರಿಕೊಂಡಿತು. ಮತ್ತೊಮ್ಮೆ ತಿರುಗಿಸಿದೆ. ಮಗದೊಮ್ಮೆ ತಿರುಗಿಸಿದೆ. ಯಾವ ಬಟ್ಟಲಾದರೂ ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನು ವಾರಂಟಿಯಲ್ಲಿ ಬದಲಾಯಿಸಿಯೂ ಆಗಿತ್ತು. ತಮಾಷೆಯ ಮಾತು ಈಗ ಬರುತ್ತಿದೆ, ಆಗ ಬರಲಿಲ್ಲ. ಖಾಲಿ ಕಚೇರಿಯಲ್ಲಿ ಒಬ್ಬನೇ ಕೂತಿದ್ದೆ, ನಿಜವಾಗಿ ಹೆದರಿದೆ. ನನ್ನಲ್ಲಿದ್ದ ಒಂದೇ ಒಂದು ಹೆಚ್ಚುಗಾರಿಕೆಯಲ್ಲಿ ಅರ್ಧ ಯಾವಾಗಲೋ ಹೇಳದೆ ಕೇಳದೆ ಎದ್ದುಹೋಗಿದೆ, ಹೋದದ್ದು ನನಗೇ ಗೊತ್ತಿಲ್ಲ. ಅವಳು "ಸರ್, ಏನಾಯ್ತು?" ಎಂದಳು. ಇದ್ದದ್ದನ್ನು ಹೇಳಿದೆ. ಅವಳು ಮೆಲ್ಲಗೆ, "ಸರ್, ಇದಕ್ಕೆ ನಮ್ಮ ಲಿಸ್ಟಲ್ಲಿ ಸ್ಟೆಪ್ ಇಲ್ಲ ಸರ್. ಕಂಪ್ಲೇಂಟ್ ಕ್ಲೋಸ್ ಮಾಡ್ಲಾ?" ಎಂದಳು.

"ಆತ್ರಿ" ಎಂದೆ.

"ಸರ್, ಆತ್ರಿ ಅಂದ್ರೆ ಮಾಡ್ಲಾ, ಬೇಡ್ವಾ?"

"ಮಾಡ್ರಿ" ಎಂದೆ. ನನ್ನ ಆಯುಷ್ಯದಲ್ಲಿ ಈ ಪ್ರಶ್ನೆಯನ್ನು ನನಗೆ ಕೇಳಿದವಳು ಅವಳೊಬ್ಬಳೇ.

ಶನಿವಾರ, ಭಾನುವಾರ ಮನೆಯಲ್ಲಿ ಏನೂ ಹೇಳಲಿಲ್ಲ. ಸೋಮವಾರದ ಸಭೆಗೆ ಮೇಡಂ ಪರೀಕ್ಷೆಗೆಂದು ಆ ಸಾಫ್ಟ್‌ವೇರನ್ನೂ ಚಾಲೂ ಮಾಡಿಸಿದ್ದರು. ಒಂದು ಕಡೆ ಅದು ಕೇಳುತ್ತಿತ್ತು, ಇನ್ನೊಂದು ಕಡೆ ನಾನು ಉಳಿದ ಒಂದು ಕಿವಿಯಿಂದ, ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ಸಭೆ ಮುಗಿಯುತ್ತಲೇ ಯಂತ್ರ ಆರು ಪುಟದ ನಡಾವಳಿಯನ್ನು ಹೊರಹಾಕಿತು. ಒಂದು ಕಾಗುಣಿತವೂ ತಪ್ಪಿರಲಿಲ್ಲ. ನನ್ನ ಕಥೆ ಮುಗಿಯಿತು, ಇನ್ನು ಲಕೋಟೆಗಳೇ ಗತಿ ಎಂದುಕೊಂಡೆ. ಮೇಡಂ ಓದುತ್ತ ಓದುತ್ತ ಹುಬ್ಬು ಗಂಟಿಕ್ಕಿ, "ರೀ, ಈ ಅತ್ರಿ ಮೇಡಂ ಅಂದ್ರೆ ಯಾರು? ಎಲ್ಲಾ ಕೆಲಸನೂ ಇವರ ಹೆಸರಲ್ಲೇ ಇದೆ" ಎಂದರು. ಇಣುಕಿ ನೋಡಿದೆ. ಬ್ಯಾಡಗಿಯ ಬಾಕಿ ಕಡತ ಯಾವಾಗ ವಿಲೇವಾರಿಯಾಗುತ್ತದೆ? ಅತ್ರಿ ಮೇಡಂ. ಮೇಡ್ಲೇರಿ ಕಡೆಯ ಕಾಲುವೆಯ ದುರಸ್ತಿ? ಅತ್ರಿ ಮೇಡಂ. ರಾಣೇಬೆನ್ನೂರಿನವರ ವರದಿ? ಅತ್ರಿ ಮೇಡಂ. ಸಪ್ತರ್ಷಿಗಳಲ್ಲಿ ಒಬ್ಬರು ನಮ್ಮ ಜಿಲ್ಲೆಗೆ ವರ್ಗವಾಗಿ ಬಂದು ಹದಿನೇಳು ಕಡೆ ಪ್ರಭಾರ ವಹಿಸಿಕೊಂಡಿದ್ದರು.

"ಅದು ಆತ್ರಿ, ಮೇಡಂ. ಆಯಿತು ಅನ್ನೂದಕ್ಕ ನಮ್ಮ ಕಡೆ ಹಂಗಂತಾರ" ಎಂದೆ.

"ಅಂದ್ರೆ ಈ ಕೆಲಸಗಳೆಲ್ಲ ಆಗಿದೆ ಅಂತ ತಾನೆ?"

ನನ್ನ ಸೀಮೆಯ ಮರ್ಯಾದೆ ಒಂದು ಕಡೆ, ನಡಾವಳಿಯ ಮರ್ಯಾದೆ ಒಂದು ಕಡೆ. ನಡಾವಳಿಯ ಕಡೆ ನಿಂತೆ. "ಇಲ್ರಿ ಮೇಡಂ. ನೀವು ಹೇಳಿದ್ದು ಕೇಳಿಸೇತಿ ಅಂತ ಅಷ್ಟ. ಬ್ಯಾಡಗಿಯವರು ಅಂದದ್ದು ಸ್ವಲ್ಪ ಎಳದು ಅಂದಾರ, ಅದು ಮುಂದಿನ ತಿಂಗಳ. ರಾಣೇಬೆನ್ನೂರಿನವರು ಲಗೂನ ಅಂದಬಿಟ್ರು, ಅದು ಆಗೂದಿಲ್ಲ" ಎಂದೆ. ಮೇಡಂ ಪೆನ್ನು ಕೆಳಗಿಟ್ಟರು. "ಹಾಗಾದ್ರೆ ಒಂದು ವರ್ಷದಿಂದ ನಾನು ಆಗಿದೆ ಅಂತ ಟಿಕ್ ಮಾಡ್ಕೊಂಡು ಬಂದಿದ್ದೆಲ್ಲ?" ಎಂದರು. ಎಲ್ಲವೂ ಹೊರಗೆ ಬಂದೇ ಬಂತು ಎಂದುಕೊಂಡು ಎಡಗಿವಿಯ ಸಂಗತಿಯನ್ನೂ ಹೇಳಿಬಿಟ್ಟೆ, ಹೆಡ್‌ಸೆಟ್ಟಿನ ತಪ್ಪೇನೂ ಇಲ್ಲವೆಂದೂ ಹೇಳಿದೆ. ಅವರು, "ಆ ಸಾಫ್ಟ್‌ವೇರ್ ಕೇಳಿಸ್ಕೊಳ್ಳಲಿ, ಅರ್ಥ ನೀವು ಹೇಳಿ. ನಡಾವಳಿ ನಿಮ್ಮ ಹತ್ರಾನೇ ಇರಲಿ. ಮೊದಲು ಹೋಗಿ ಕಿವಿ ಡಾಕ್ಟರಿಗೆ ತೋರಿಸಿ" ಎಂದರು. "ಆತ್ರಿ ಮೇಡಂ" ಎಂದೆ. ಅವರು ತಟ್ಟನೆ ತಲೆ ಎತ್ತಿ ನೋಡಿದರು.

ಅಂದು ಸಂಜೆ ಊಟಕ್ಕೆ ಕೂತಾಗ ಶಾಂತಾಳಿಗೆ ಹೇಳಿದೆ. ಹೇಗೆ ಶುರು ಮಾಡುವುದೆಂದು ತಿಳಿಯದೆ ಹೆಡ್‌ಸೆಟ್ಟಿನಿಂದಲೇ ಶುರು ಮಾಡಿ, ಬಟ್ಟಲು ತಿರುಗಿಸಿದ್ದರವರೆಗೆ ಬಂದೆ. ಗಾಬರಿಯಾಗುತ್ತಾಳೆ, ಸಮಾಧಾನ ಹೇಳಬೇಕು ಎಂದು ಮಾತುಗಳನ್ನು ಸಿದ್ಧಮಾಡಿಕೊಂಡಿದ್ದೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ನನಗ ಗೊತ್ತೈತಿ" ಎಂದಳು.

"ಯಾವಾಗಿಂದ?"

"ಕಂಪೌಂಡಿಗೆ ಬಣ್ಣ ಹಚ್ಚಿಸಿದಾಗಿಂದ. ಮೊದಲ ಜಾಣಗಿವುಡ ಅಂತ ಮಾಡಿದ್ದೆ, ಬ್ಯಾಡಾದ್ದು ಕೇಳಿಸ್ಕೊಳ್ಳಂಗಿಲ್ಲ ನೀವು ಅಂತ. ಆಮ್ಯಾಲ ನೋಡಿದೆ, ಬೇಕಾದ್ದೂ ಕೇಳತಿದ್ದಿಲ್ಲ. ಕಿವಿ ಬಗ್ಗೆ ಏನರ ಅಂದ್ರ ನಿಮಗ ಸಿಟ್ಟು ಬರತೈತಿ. ಅದಕ್ಕ ನಾನ ಬಲಕ್ಕ ಬಂದು ಕುಂತೆ. ಎರಡು ವರ್ಷ ಆತು."

ಅವಳ ಬಾಯಲ್ಲಿ ಆತು ಎಂದರೆ ನಿಜವಾಗಿಯೂ ಆಗಿತ್ತು. ಎರಡು ವರ್ಷ ದಿನಕ್ಕೆರಡು ಹೊತ್ತು ಅವಳು ಈ ಕಡೆ ಬಂದು ಕೂತದ್ದನ್ನು ನಾನು ಫ್ಯಾನಿನ ಗಾಳಿಗೆ ಎಂದುಕೊಂಡಿದ್ದೆ. ರೊಟ್ಟಿಯ ನೆಪ ಮಾಡಿ ನೀರು ಕುಡಿದೆ. ಅವಳು ತಾಟು ಎತ್ತಿಕೊಂಡು ಅಡುಗೆಮನೆಗೆ ಹೋಗುತ್ತ, ನನ್ನ ಎಡಗಡೆಯಿಂದ ಹಾಯುವಾಗ ಏನೋ ಅಂದಳು. ಡಾಕ್ಟರ ವಿಷಯವೇ ಇರಬೇಕು, ಇಂಥ ಹೊತ್ತಿನಲ್ಲಿ ಬೇರೇನು ಹೇಳುತ್ತಾಳೆ ಎಂದುಕೊಂಡು, ಕೃತಜ್ಞತೆಯಿಂದ, ಮನಸ್ಸು ತುಂಬಿ, "ಆತು" ಎಂದೆ.

ಅವಳು ಹೊರಳಿ ಬಂದು ನನ್ನ ಬಲಕ್ಕೆ ನಿಂತಳು. "ಏನಂದೆ ಹೇಳ್ರಿ ನೋಡೂಣು."

"ನಾಳೆ ಡಾಕ್ಟರ ಕಡೆ ಹೋಗೂದು ಅಂದಿ."

"ಅಲ್ಲ. ಕಂಪೌಂಡಿಗೆ ಈ ಸಲ ಹಳದಿ ಬಣ್ಣ ಅಂದೆ. ಒಪ್ಪಿಕೊಂಡ್ರಿ" ಎಂದು ತಾಟು ತೊಳೆಯಲು ಹೋದಳು.

ಅದಾಗಿ ಮೂರು ವಾರ ಕಳೆದಿದೆ. ನಮ್ಮ ಮನೆಯನ್ನು ಹುಡುಕಿಕೊಂಡು ಬರುವವರು ಇನ್ನು ಮೇಲೆ ಹಳದಿ ಕಂಪೌಂಡ್ ಎಂದು ಕೇಳಬೇಕು. ಹೆಡ್‌ಸೆಟ್ಟು ಎರಡೂ ಕಡೆ ಚೆನ್ನಾಗಿದೆ ಎಂದು ಬಸವರಾಜ ಇನ್ನೊಮ್ಮೆ ನೋಡಿ ಹೇಳಿದ್ದಾನೆ, ಈ ಸಲ ಕೈ ತೊಳೆದುಕೊಂಡು. ಅಷ್ಟೆಲ್ಲ ಸರಿ, ಕಿವಿಯನ್ನು ಡಾಕ್ಟರಿಗೆ ತೋರಿಸಿದಿರಾ ಎಂದು ನೀವು ಕೇಳಬಹುದು.

ಆತ್ರಿ.